ಗಟ್ಟಿಯೊಡಲಿನ ಗಿಟಾರು: ಒಂದು ಗುಣದೋಷವಿಚಾರ

ಕಳೆದ ತಿಂಗಳು ನಮ್ಮ ಸಂಘದ ಗೋಷ್ಠಿಯು ಮುಗಿದು ಎಲ್ಲರೂ ಎದ್ದು ಹೊರಡುವ ಹೊತ್ತಿನಲ್ಲಿ ಸಂಗೀತಪ್ರಿಯರಾದ ಹಿರಿಯ ಸದಸ್ಯರೊಬ್ಬರು ಎರಡು ಪ್ರಶ್ನೆಗಳನ್ನು ಮುಂದಿಟ್ಟರು. ಪುಣೆಯಲ್ಲಿ ಉದ್ಯೋಗದಲ್ಲಿರುವ ಅವರ ಮೊಮ್ಮಗನು ಕೆಲವು ವರ್ಷಗಳ ಉಳಿತಾಯವನ್ನೆಲ್ಲ ಸುರಿದು, 1970ರ ದಶಕದಲ್ಲಿ ಅಮೇರಿಕೆಯಲ್ಲಿ ಸಿದ್ಧವಾದ ಟೆಲಿಕಾಸ್ಟರ್ ಎಂಬ ಗಿಟಾರನ್ನು ಕೊಂಡು, ದೀಪಾವಳಿಗೆ ನಿಪ್ಪಾಣಿಗೆ ಬಂದಾಗ ಅಜ್ಜನ ಮುಂದಿಟ್ಟನಂತೆ. ಹಿರಿಯರು ಅದನ್ನು ತಿರುವಿ ನೋಡಿದರು, ಬೆರಳಿನಿಂದ ತಟ್ಟಿಯೂ ನೋಡಿದರು. ಒಳಗೆ ಪೊಳ್ಳಿಲ್ಲ, ನಾದರಂಧ್ರವಿಲ್ಲ; ಸುಮಾರು ಒಂದೂಮುಕ್ಕಾಲು ಅಂಗುಲ ದಪ್ಪದ ಮರದ ಹಲಗೆ. ಊಟದ ಮಣೆಗೆ ತಂತಿ ಬಿಗಿದರೆ ಅದು ವಾದ್ಯವಾದೀತೇ ಎಂಬುದು ಅವರ ಮೊದಲ ಪ್ರಶ್ನೆ. ಎರಡನೆಯದು ಇನ್ನೂ ತೊಡಕಿನದು. ಆ ವಾದ್ಯದ ಮೆಟ್ಟಿಲುಗಳು ಸವೆದು ಸ್ವರಗಳು ಕೆಲವೆಡೆ ಬಿರುಕುಬಿಡುತ್ತಿವೆ. ಆದರೆ ಅವುಗಳನ್ನು ಬದಲಾಯಿಸಿದರೆ ಬೆಲೆಯು ಇಳಿಯುವುದೆಂದು ಮಾರಿದವನೇ ಎಚ್ಚರಿಸಿದ್ದಾನೆ. ಸವೆದ ವಾದ್ಯವನ್ನು ಸವೆದಂತೆಯೇ ಇಟ್ಟುಕೊಳ್ಳಬೇಕೆಂಬುದು ಯಾವ ಶಾಸ್ತ್ರ? ಅಂದು ಉತ್ತರವನ್ನು ಹೇಳಲು ಹೊತ್ತು ಸಾಲಲಿಲ್ಲ. ಇಂದು ಈ ಪುಟಗಳಲ್ಲಿ ಯಥಾಮತಿ ಪ್ರಯತ್ನಿಸುತ್ತೇವೆ.

ಕಾವ್ಯಕ್ಕಲ್ಲದೆ ವಾದ್ಯಕ್ಕೂ ವಿಮರ್ಶೆಯೇ ಎಂದು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಆದರೆ ಕನ್ನಡದಲ್ಲಿ ನಮಗೆ ದೊರೆತಿರುವ ಮೊತ್ತಮೊದಲ ಗ್ರಂಥವಾದ ಕವಿರಾಜಮಾರ್ಗವು ಅಲಂಕಾರಗಳ ಮಾತೆತ್ತುವುದಕ್ಕೆ ಮುನ್ನ ತನ್ನ ಮೊದಲ ಪರಿಚ್ಛೇದವನ್ನು ದೋಷಾದೋಷಗಳ ನಿರ್ಣಯಕ್ಕೇ ಕೊಟ್ಟಿರುವುದನ್ನು ನೆನೆಯಬೇಕು. ಯಾವುದು ದೋಷ, ಯಾವುದು ಅಲ್ಲ ಎಂಬುದನ್ನು ಅರಿಯದವನು ಗುಣವನ್ನೂ ಅರಿಯಲಾರನು. ಸಂಸ್ಕೃತದ ಆಲಂಕಾರಿಕರಂತೂ ದೋಷಗಳಲ್ಲಿಯೇ ನಿತ್ಯ, ಅನಿತ್ಯ ಎಂದು ಎರಡು ಬಗೆಗಳನ್ನು ಮಾಡಿದರು. ಶ್ರುತಿಕಟುವಾದ ಪದವು ಶೃಂಗಾರದಲ್ಲಿ ದೋಷ. ಅದೇ ಪದವು ರೌದ್ರದಲ್ಲಿ ಗುಣ. ವ್ಯಾಕರಣ ತಪ್ಪಿದ ಪದವಾದರೋ ಎಲ್ಲಿ ಕುಳಿತರೂ ದೋಷವೇ ಸರಿ. ಈ ಒಂದು ಅಳತೆಗೋಲನ್ನು ಕೈಯಲ್ಲಿ ಹಿಡಿದುಕೊಂಡರೆ ಹಳೆಯ ಗಿಟಾರಿನ ಮೋಹವೆಷ್ಟು, ಮರುಳೆಷ್ಟು ಎಂಬುದನ್ನು ಬೇರ್ಪಡಿಸಬಹುದೆಂದು ನಮ್ಮ ನಂಬಿಕೆ.

ಮೊದಲು ಪೊಳ್ಳಿನ ಮಾತು. ಕಾಗವಾಡದ ಗಡಿಯನ್ನು ದಾಟಿದರೆ ಮಿರಜೆಯು ದೂರವಿಲ್ಲ. ಅಲ್ಲಿಯ ತಂಬೂರಿ, ಸಿತಾರುಗಳ ಕಸುಬು ಹತ್ತೊಂಬತ್ತನೆಯ ಶತಮಾನದಿಂದ ನಡೆದುಬಂದುದು. 2024ರಲ್ಲಿ ಅವೆರಡಕ್ಕೂ ಭೌಗೋಲಿಕ ಗುರುತಿನ ಮನ್ನಣೆಯೂ ದೊರೆಯಿತು. ಅಬ್ದುಲ್ ಕರೀಮಖಾನರು ನೆಲೆಸಿದ್ದ ಊರು ಅದು. ಅಲ್ಲಿ ಒಣಗಿಸಿದ ದೊಡ್ಡ ಬುರುಡೆಗಳು ಸಾಲುಗಟ್ಟಿರುವುದನ್ನು ನೋಡಿದವರಿಗೆ, ನಾದವೆಂಬುದು ಬರಿದಾದ ಒಡಲಿನಿಂದಲೇ ಹುಟ್ಟತಕ್ಕದ್ದೆಂಬ ಭಾವನೆಯು ತಾನಾಗಿ ಮೂಡುತ್ತದೆ. ಹಿರಿಯರ ಆಕ್ಷೇಪದ ಮೂಲವೂ ಇದೇ. ಆದರೆ ಬುರುಡೆಯು ಮಾಡುವ ಕೆಲಸವಾದರೂ ಏನು? ತಂತಿಯು ಒಬ್ಬಂಟಿಯಾಗಿ ಗಾಳಿಯನ್ನು ಅಲುಗಿಸಲಾರದು. ಅದು ತೀರ ತೆಳ್ಳಗಿನದು. ಕುದುರೆಯ ಮೂಲಕ ತನ್ನ ಕಂಪನವನ್ನು ಅಗಲವಾದ ತೆಳುಹಲಗೆಗೆ ಒಪ್ಪಿಸಿದರೆ ಆ ಹಲಗೆಯು ಗಾಳಿಯನ್ನು ಅಲುಗಿಸುತ್ತದೆ, ಒಳಗಣ ಬಯಲು ಅದನ್ನು ತುಂಬಿಕೊಡುತ್ತದೆ. ಸದ್ದು ಹೆಚ್ಚುತ್ತದೆ. ಆದರೆ ಈ ದಾನವು ಬಿಟ್ಟಿಯದಲ್ಲ: ತಂತಿಯ ಬಲವು ಗಾಳಿಗೆ ಎಷ್ಟು ಬೇಗ ಸೇರುವುದೋ ಅಷ್ಟೇ ಬೇಗ ಅದರ ಆಯುಷ್ಯವೂ ತೀರುತ್ತದೆ. ಪೊಳ್ಳು ಒಡಲು ಸದ್ದನ್ನು ಕೊಟ್ಟು ಕಾಲವನ್ನು ಕಸಿದುಕೊಳ್ಳುತ್ತದೆ. ಗಟ್ಟಿ ಹಲಗೆಯು ಇದಕ್ಕೆ ವಿಪರೀತ. ಅದು ತಂತಿಯಿಂದ ಬಹು ಕಡಮೆ ಪಡೆಯುತ್ತದೆ. ಆದುದರಿಂದ ಸ್ವರವು ಬಹುಕಾಲ ನಿಲ್ಲುತ್ತದೆ, ಆದರೆ ಪಕ್ಕದ ಕೋಣೆಯವರಿಗೂ ಕೇಳಿಸುವುದಿಲ್ಲ.

ಈ ಮೂಕತನವನ್ನು ನೀಗಿದುದು ವಿದ್ಯುತ್ತು. ಅಯಸ್ಕಾಂತದ ಸುತ್ತಲೂ ಕೂದಲಿನಂತಹ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿ ಉಕ್ಕಿನ ತಂತಿಗಳ ಕೆಳಗೆ ಇಟ್ಟರೆ, ಮೇಲಣ ತಂತಿಯ ಅಲುಗಾಟಕ್ಕೆ ಸರಿಯಾಗಿ ಸುರುಳಿಯಲ್ಲಿ ಪ್ರವಾಹವು ಹುಟ್ಟುತ್ತದೆ. ಪಿಕ್‌ಅಪ್ ಎಂಬ ಹೆಸರಿನ ಈ ಸುರುಳಿಯು ಕೇಳುವುದು ತಂತಿಯನ್ನು, ಗಾಳಿಯನ್ನಲ್ಲ. 1930ರ ದಶಕದ ಮೊದಲಲ್ಲಿ ಜಾರ್ಜ್ ಬೋಶಾಂಪ್ ಎಂಬಾತನು ಇದನ್ನು ಅಲ್ಯುಮಿನಿಯಮ್ಮಿನ ಎರಕದ, ತೊಡೆಯ ಮೇಲಿಟ್ಟು ನುಡಿಸುವ ಹವಾಯಿ ಗಿಟಾರಿಗೆ ಜೋಡಿಸಿದನು. ಆಕಾರದ ದೆಸೆಯಿಂದ ಜನರು ಅದನ್ನು ಬಾಣಲೆಯೆಂದು ಹಾಸ್ಯಮಾಡಿದರು. ನಮ್ಮ ಸೀಮೆಯವರಿಗೆ ಇದು ತೀರ ಹೊಸ ಸಂಗತಿಯೇನೂ ಅಲ್ಲ. ಗಣಪತಿಯ ಮೆರವಣಿಗೆಗಳಲ್ಲಿ, ಬೆರಳಚ್ಚಿನ ಯಂತ್ರದಂತೆ ಕೀಲಿಗಳುಳ್ಳ ಬ್ಯಾಂಜೋ ಎಂಬ ವಾದ್ಯವನ್ನು ಗಾಡಿಯ ಮೇಲಿಟ್ಟು, ಧ್ವನಿವರ್ಧಕಕ್ಕೆ ಪೋಣಿಸಿ ನುಡಿಸುವುದನ್ನು ಕೇಳದವರಾರು? ಅದು ನಿಜವಾದ ಬ್ಯಾಂಜೋ ಅಲ್ಲ. 1912ರಲ್ಲಿ ಜಪಾನಿನ ನಗೋಯಾದಲ್ಲಿ ಹುಟ್ಟಿದ ತೈಶೊಗೊತೊ ವಾದ್ಯದ ಸಂತಾನ, ಬುಲ್‌ಬುಲ್ ತರಂಗವೆಂಬುದು ಅದರ ಇನ್ನೊಂದು ಹೆಸರು. ಅದರ ಕಿರುಚಾಟವನ್ನು ಪ್ರೀತಿಯಿಂದ ಸಹಿಸುವ ನಾವು ಗಿಟಾರಿನ ಹಲಗೆಗೆ ಮಾತ್ರ ಮುಖ ತಿರುಗಿಸುವುದು ನ್ಯಾಯವೆನಿಸದು.

ಹಾಗಾದರೆ ಪೊಳ್ಳು ಗಿಟಾರಿಗೇ ಪಿಕ್‌ಅಪ್ಪನ್ನು ಕೂಡಿಸಿದ್ದರೆ ಸಾಲದಾಗಿತ್ತೇ? ಕೂಡಿಸಿದರು. ಆಗ ಇನ್ನೊಂದು ಪೀಡೆಯು ಗಂಟುಬಿದ್ದಿತು. ಧ್ವನಿವರ್ಧಕದ ಸದ್ದು ತಿರುಗಿ ಬಂದು ತೆಳುಹಲಗೆಯನ್ನು ಅಲುಗಿಸುವುದು. ಅದು ತಂತಿಯನ್ನು, ತಂತಿಯು ಮತ್ತೆ ಸುರುಳಿಯನ್ನು ಅಲುಗಿಸುವುದು. ಹೀಗೆ ಸದ್ದು ಸದ್ದನ್ನೇ ನುಂಗಿ ಬೆಳೆದು ಊಳಿಡತೊಡಗುವುದು. ಇದರಿಂದ ಬೇಸತ್ತ ಲೆಸ್ ಪಾಲ್ ಎಂಬ ವಾದಕನು 1940ರ ಸುಮಾರಿಗೆ ನಾಲ್ಕಂಗುಲ ಚೌಕದ ಮರದ ದಿಮ್ಮಿಗೇ ತಂತಿ ಬಿಗಿದನು. ಮೇಲೆ ಅಂದಕ್ಕೆಂದು ಒಂದು ಪೊಳ್ಳು ಗಿಟಾರನ್ನು ಸೀಳಿ ಅದರ ಎರಡು ಹೋಳುಗಳನ್ನು ಇಕ್ಕೆಲದಲ್ಲಿ ರೆಕ್ಕೆಗಳಂತೆ ಸೇರಿಸಿದನು. ನಾದಕ್ಕೆ ಆ ರೆಕ್ಕೆಗಳಿಂದ ಏನೂ ಆಗಬೇಕಾಗಿರಲಿಲ್ಲ. ಆಗಬೇಕಾದುದು ಸಭಿಕರ ಕಣ್ಣಿಗೆ! ನಮ್ಮ ಹಿರಿಯರಂತಹ ಸಭಿಕರು ಅಲ್ಲಿಯೂ ಇದ್ದರೆಂದು ಇದರಿಂದ ತಿಳಿಯಬಹುದು.

ಸದ್ದು ಸಾಲದೆಂಬ ಕೊರಗು ನಮ್ಮ ನಾಡಿನಲ್ಲಿಯೂ ಇದ್ದಿತು. ತಿರುಮಕೂಡಲು ಚೌಡಯ್ಯನವರು ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ಕಡೆಯ ಸಾಲಿನವನಿಗೂ ಪಿಟೀಲು ಕೇಳಿಸಲೆಂದು ತಂತಿಗಳಿಗೆ ಜೊತೆತಂತಿಗಳನ್ನು ಕೂಡಿಸಿ ಏಳು ತಂತಿಗಳ ಪಿಟೀಲನ್ನು ನುಡಿಸಿದರು. ನಾದವು ತುಂಬಿತು, ಜೊತೆತಂತಿಗಳನ್ನು ಶ್ರುತಿಯಲ್ಲಿ ಹಿಡಿದಿಡುವ ಕಷ್ಟವೂ ಜೊತೆಗೇ ಬಂದಿತು. ಧ್ವನಿವರ್ಧಕವು ಬಂದಮೇಲೆ ಆ ಹಾದಿಯಲ್ಲಿ ನಡೆದವರು ವಿರಳ. ವಿದ್ಯುತ್ತಿನ ಹಲಗೆಯು ನಮ್ಮ ಸಂಗೀತಕ್ಕೆ ಏನನ್ನು ಕೊಟ್ಟೀತೆಂಬುದನ್ನು ತೋರಿಸಿಕೊಟ್ಟವರು ಯು. ಶ್ರೀನಿವಾಸರು (1969–2014). ಮಾಮೂಲು ಮ್ಯಾಂಡೊಲಿನ್ನಿನ ಜೋಡಿತಂತಿಗಳಲ್ಲಿ ಸ್ವರವು ಹುಟ್ಟುತ್ತಲೇ ಸಾಯುವುದು, ಗಮಕಕ್ಕೆ ಎಡೆಯೇ ಇಲ್ಲ. ಅವರು ಗಟ್ಟಿಯೊಡಲಿನ ವಿದ್ಯುತ್ ಮ್ಯಾಂಡೊಲಿನ್ನಿಗೆ ಐದು ಒಂಟಿ ತಂತಿಗಳನ್ನು ಬಿಗಿದು, ಒಂದು ಮೀಟಿಗೆ ಹುಟ್ಟಿದ ಸ್ವರವನ್ನು ಎಳೆದು ತೂಗಿ ಕರ್ಣಾಟಕ ಸಂಗೀತದ ಗಮಕಗಳನ್ನೆಲ್ಲ ಅದರಲ್ಲಿ ಬರಿಸಿದರು. ಗಟ್ಟಿ ಹಲಗೆಯು ಉಳಿಸಿಕೊಟ್ಟ ಆ ಕಾಲವೇ ಗಮಕದ ಬಂಡವಾಳ. ಮೊದಲ ಪ್ರಶ್ನೆಗೆ ಇದಕ್ಕಿಂತ ಬೇರೆ ಉತ್ತರವು ಬೇಕಾಗಿಲ್ಲ.

ಇನ್ನು ಟೆಲಿಕಾಸ್ಟರಿನ ಜಾತಕ. ಇದನ್ನು ರೂಪಿಸಿದ ಲಿಯೋ ಫೆಂಡರ್ (1909–1991) ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ನಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವನು; ಗಿಟಾರನ್ನು ನುಡಿಸಬಲ್ಲವನೇ ಅಲ್ಲ. ಆದುದರಿಂದಲೇ ಅವನಿಗೆ ವಾದ್ಯದ ವಿಷಯದಲ್ಲಿ ಭಯಭಕ್ತಿಗಳು ಇದ್ದಿಲ್ಲವೆಂದು ತೋರುತ್ತದೆ. ಚಪ್ಪಟೆ ಹಲಗೆ, ಅದಕ್ಕೆ ನಾಲ್ಕು ತಿರುಪುಗಳಿಂದ ಬಿಗಿದ ಮೇಪಲ್ ಮರದ ದಂಡಿ. ದಂಡಿ ಕೆಟ್ಟರೆ ತಿರುಪು ಬಿಚ್ಚಿ ಬೇರೊಂದನ್ನು ಕೂಡಿಸಿಕೊಳ್ಳಬಹುದು, ಎತ್ತಿನ ಗಾಡಿಗೆ ನೊಗ ಬದಲಾಯಿಸಿದಂತೆ. 1950ರಲ್ಲಿ ಇದನ್ನು ಬ್ರಾಡ್‌ಕಾಸ್ಟರ್ ಎಂಬ ಹೆಸರಿನಿಂದ ಮಾರಿದರು. ಆ ಹೆಸರಿನ ಮದ್ದಳೆಗಳನ್ನು ಮಾರುತ್ತಿದ್ದ ಗ್ರೆಚ್ ಕಂಪನಿಯವರು ತಕರಾರು ತೆಗೆದಾಗ, ಮುದ್ರಿಸಿಟ್ಟ ಚೀಟಿಗಳಿಂದ ಆ ಪದವನ್ನಷ್ಟೇ ಕತ್ತರಿಸಿ ಕೆಲವು ತಿಂಗಳು ಹೆಸರಿಲ್ಲದೆಯೇ ಮಾರಿದರು. 1951ರಲ್ಲಿ ಟೆಲಿಕಾಸ್ಟರ್ ಎಂಬ ನಾಮಕರಣವಾಯಿತು. ಇಂದು ಆ ಹೆಸರಿಲ್ಲದವುಗಳಿಗೆ ಹೆಸರುಳ್ಳವುಗಳಿಗಿಂತಲೂ ಹೆಚ್ಚಿನ ಗೌರವ! ಕತ್ತರಿಯ ಕೆಲಸಕ್ಕೆ ಇಷ್ಟು ಬೆಲೆ ಬಂದುದನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಇದರ ಓರೆಕೋರೆಗಳನ್ನು ಒಂದೊಂದಾಗಿ ಪರೀಕ್ಷಿಸೋಣ. ಕುದುರೆಯ ಮೇಲೆ ಆರು ತಂತಿಗಳಿಗೆ ಮೂರೇ ಹಿತ್ತಾಳೆಯ ತುಂಡುಗಳು. ಎರಡೆರಡು ತಂತಿಗಳು ಒಂದೊಂದನ್ನು ಹಂಚಿಕೊಳ್ಳಬೇಕು. ಆದರೆ ದಪ್ಪ ತಂತಿಗೂ ತೆಳು ತಂತಿಗೂ ಸ್ವರವು ಸರಿಯಾಗಿ ಕೂರಲು ಬೇಕಾದ ಉದ್ದವು ಒಂದೇ ಅಲ್ಲ. ಒಂದನ್ನು ಸರಿಪಡಿಸಿದರೆ ಅದರ ಜೊತೆಗಾತಿಯು ತಪ್ಪುತ್ತದೆ. ಕೊನೆಗೆ ಅತ್ತೆಸೊಸೆಯರ ರಾಜಿಯಂತೆ ಇಬ್ಬರಿಗೂ ತುಸು ಅನ್ಯಾಯವಾಗುವಂತೆ ನಿಲ್ಲಿಸಬೇಕಾಗುತ್ತದೆ. ಇದು ದೋಷವೇ? ಅಹುದು. ನಿತ್ಯವೋ ಅನಿತ್ಯವೋ? ಇಲ್ಲಿ ಅನುಭವಿಗಳಾದ ವಾದಕರ ಮಾತು ಗಮನಾರ್ಹವಾಗಿದೆ. ಒಂದೇ ದಪ್ಪ ತುಂಡಿನ ಮೇಲೆ ಎರಡು ತಂತಿಗಳ ಒತ್ತಡವು ಬೀಳುವುದರಿಂದ ಅದು ಫಲಕದ ಮೇಲೆ ಭದ್ರವಾಗಿ ಕೂತು, ಸ್ವರಕ್ಕೆ ಒಂದು ಬಗೆಯ ಬಿಗುವನ್ನು ಕೊಡುತ್ತದೆಂದು ಅವರೆನ್ನುತ್ತಾರೆ. ಆರು ತುಂಡುಗಳನ್ನು ಹಾಕಿಸಿ ಮತ್ತೆ ಮೂರಕ್ಕೇ ಹಿಂದಿರುಗಿದವರು ಉಂಟು. ತಪ್ಪಿದ ಸ್ವರವನ್ನು ಅವರು ತುಂಡನ್ನು ತುಸು ಓರೆಮಾಡಿ, ಉಳಿದುದನ್ನು ಬೆರಳಿನ ಒತ್ತಿನಿಂದ ಸರಿದೂಗಿಸಿಕೊಳ್ಳುತ್ತಾರೆ. ಕಿವಿಯುಳ್ಳವನಿಗೆ ಮಾತ್ರ ಒಲಿಯುವ ವಾದ್ಯವೆಂದರೆ ಅದು ವಾದ್ಯದ ನಿಂದೆಯೋ ಸ್ತುತಿಯೋ?

ಹಾರ್ಮೋನಿಯಮ್ಮಿನ ಮೇಲೆ ಹೊರಿಸಿದ ಆರೋಪವು ಇದಕ್ಕಿಂತ ಘೋರವಾದುದಾಗಿತ್ತು. ಸ್ವರಗಳು ಕದಲವು, ಗಮಕವು ಬಾರದು ಎಂದು 1940ರಲ್ಲಿ ರೇಡಿಯೋದವರು ಅದನ್ನು ಹೊರಹಾಕಿ, ಮೂರು ದಶಕಗಳ ಮೇಲೆಯೇ ಒಳಗೆ ಬಿಟ್ಟುಕೊಂಡರು. ಅಷ್ಟರಲ್ಲಿ ಬೆಳಗಾವಿಯ ರಾಮಭಾವು ವಿಜಾಪುರೆಯಂಥವರು ಬಹಿಷ್ಕಾರವನ್ನು ಲೆಕ್ಕಿಸದೆ ಅದೇ ವಾದ್ಯವನ್ನು ಹಾಡಿಸಿ, ಶಿಷ್ಯರನ್ನೂ ಸಿದ್ಧಪಡಿಸಿದ್ದರು. ದೋಷವನ್ನು ಶಾಸ್ತ್ರದಿಂದ ನಿರ್ಣಯಿಸುವವರು ಅವಸರಪಡಬಾರದೆಂಬುದಕ್ಕೆ ನಮ್ಮ ಜಿಲ್ಲೆಯದೇ ನಿದರ್ಶನವಿದು.

ಟೆಲಿಕಾಸ್ಟರಿನ ಹಿಂದಣ ಪಿಕ್‌ಅಪ್ ಕುದುರೆಯ ಮಗ್ಗುಲಲ್ಲಿ ಉಕ್ಕಿನ ತಗಡಿಗೇ ಜೋತುಬಿದ್ದಿದೆ. ಅದರ ಸ್ವರವು ತೀಕ್ಷ್ಣ, ನಿಂಬೆಯ ಹುಳಿಯಂತೆ ಹಲ್ಲಿಗೆ ತಾಗುವಂತಹುದು. ಏಕಾಂತದಲ್ಲಿ ಕೇಳಿದರೆ ಶ್ರುತಿಕಟುವೆಂದೇ ಹೇಳಬೇಕು. ಆದರೆ ಮದ್ದಳೆ, ತಾಳ, ಹಿಮ್ಮೇಳಗಳ ನಡುವೆ ಅದೇ ಸ್ವರವು ದಾರಿಮಾಡಿಕೊಂಡು ಹೊರಬರುತ್ತದೆ. ಮಿದುವಾದ ಸ್ವರಗಳು ಅಲ್ಲಿ ಮುಳುಗಿಹೋಗುತ್ತವೆ. ರೌದ್ರದಲ್ಲಿ ಶ್ರುತಿಕಟುವು ಗುಣವೆಂದ ಆಲಂಕಾರಿಕರು ಇದನ್ನು ಕೇಳಿದ್ದರೆ ತಲೆದೂಗುತ್ತಿದ್ದರು. ಇದೇ ಪಿಕ್‌ಅಪ್ಪಿಗೆ ಇನ್ನೊಂದು ಕೆಟ್ಟ ಚಾಳಿಯಿದೆ. ಒಂಟಿ ಸುರುಳಿಯಾದುದರಿಂದ ತಂತಿಯೊಡನೆ ಮನೆಯ ವಿದ್ಯುದ್ದೀಪದ ಗುಂಯ್‌ಗುಡುವಿಕೆಯನ್ನೂ ಹೀರಿಕೊಳ್ಳುತ್ತದೆ. ಅಮೇರಿಕೆಯಲ್ಲಿ ಪ್ರವಾಹವು ಕ್ಷಣಕ್ಕೆ 60 ಸಲ ತಿರುಗುವುದರಿಂದ ಅಲ್ಲೊಂದು ಸ್ವರ. ನಮ್ಮಲ್ಲಿ 50 ಸಲ, ಆದ್ದರಿಂದ ಇಲ್ಲಿ ತುಸು ತಗ್ಗಿನ ಸ್ವರ. ಅಂತೂ ಗಿಟಾರು ಊರಿಗೆ ತಕ್ಕಂತೆ ಗೊಣಗುತ್ತದೆ! ಗಿಬ್ಸನ್ ಕಂಪನಿಯ ಸೆತ್ ಲವರ್ ಎಂಬಾತನು ಎರಡು ಸುರುಳಿಗಳನ್ನು ಪರಸ್ಪರ ವಿರುದ್ಧವಾಗಿ ಜೋಡಿಸಿ ಈ ಗೊಣಗಾಟವನ್ನು ಅಡಗಿಸಿದನು. 1957ರಿಂದ ಅವು ಆ ಕಂಪನಿಯ ಗಿಟಾರುಗಳಲ್ಲಿ ಬಂದವು. ಗೊಣಗಾಟದೊಡನೆ ಆ ಹುಳಿಯೂ ತಗ್ಗಿ, ಸ್ವರವು ದಪ್ಪವಾಯಿತು. ಗೊಣಗಾಟವನ್ನು ಗುಣವೆಂದು ಹೊಗಳುವವರನ್ನು ಮಾತ್ರ ನಾವು ಒಪ್ಪಲಾರೆವು. ಅದು ಗುಣದ ನೆರಳೇ ಹೊರತು ಗುಣವಲ್ಲ.

ಫೆಂಡರನ 1954ರ ಸ್ಟ್ರಾಟೊಕಾಸ್ಟರಿನ ಕಥೆಯು ಇನ್ನೂ ಸ್ವಾರಸ್ಯದ್ದು. ಮೂರು ಪಿಕ್‌ಅಪ್‌ಗಳು, ಅವುಗಳಲ್ಲಿ ಒಂದನ್ನು ಆರಿಸಲು ಮೂರು ನೆಲೆಗಳ ಗುಂಡಿ. ವಾದಕರು ಆ ಗುಂಡಿಯನ್ನು ಎರಡು ನೆಲೆಗಳ ನಡುವೆ ಹೇಗೋ ಸಿಕ್ಕಿಸಿ ನಿಲ್ಲಿಸಿದಾಗ, ಎರಡು ಪಿಕ್‌ಅಪ್‌ಗಳು ಒಟ್ಟಿಗೆ ನುಡಿದು, ಮೂಗಿನಿಂದ ಬಂದಂತಹ ವಿಲಕ್ಷಣ ಮಾಧುರ್ಯದ ಸ್ವರವು ಹೊರಟಿತು. ರೂಪಿಸಿದವನು ಅದನ್ನು ಕನಸಿನಲ್ಲಿಯೂ ಎಣಿಸಿರಲಿಲ್ಲ. 1977ರಲ್ಲಿ ಕಂಪನಿಯವರೇ ಐದು ನೆಲೆಗಳ ಗುಂಡಿಯನ್ನಿಟ್ಟು ಆ ಕಳ್ಳದಾರಿಯನ್ನು ರಾಜಮಾರ್ಗವನ್ನಾಗಿ ಮಾಡಿದರು. ದೋಷವು ಗುಣವಾಗಿ ಪಟ್ಟಕ್ಕೇರುವುದಕ್ಕೆ ಇದಕ್ಕಿಂತ ಮಿಗಿಲಾದ ಉದಾಹರಣೆಯು ಬೇಕೆ?

ಇದಕ್ಕೆ ವಿರುದ್ಧವಾದ ಉದಾಹರಣೆಯನ್ನೂ ಮರೆಮಾಚಬಾರದು. ಗಿಬ್ಸನ್ನಿನವರು 1952ರಲ್ಲಿ ಲೆಸ್ ಪಾಲ್ ಹೆಸರಿನಲ್ಲಿ ಹೊರಡಿಸಿದ ಗಿಟಾರಿನಲ್ಲಿ ದಂಡಿಯ ಓರೆಯು ಸಾಲದೆ, ತಂತಿಗಳನ್ನು ಕುದುರೆಯ ಮೇಲಿಂದ ಅಲ್ಲ, ಕೆಳಗಿನಿಂದ ಸುತ್ತಬೇಕಾಯಿತು. ಅಂಗೈಯನ್ನು ಕುದುರೆಯ ಮೇಲಿಟ್ಟು ತಂತಿಯನ್ನು ಅರೆಬರೆ ಅದುಮಿ ನುಡಿಸುವ ಹದವೇ ಕೈತಪ್ಪಿತು. ಯಾವ ವಾದಕನೂ ಅದರಲ್ಲಿ ಸೊಗಸನ್ನು ಕಾಣಲಿಲ್ಲ. 1953ರಲ್ಲಿಯೇ ಅದನ್ನು ಬದಲಾಯಿಸತೊಡಗಿದರು. ಇದು ನಿತ್ಯದೋಷ. ಹಳೆಯದೆಂಬ ಕಾರಣದಿಂದ ಇದಕ್ಕೂ ಮಂಗಳಾರತಿ ಎತ್ತುವವರಿದ್ದರೆ ಅವರಿಗೆ ನಮ್ಮ ದೂರದ ನಮಸ್ಕಾರ.

ಇಲ್ಲಿಂದ ಎರಡನೆಯ ಪ್ರಶ್ನೆಗೆ ಬರುತ್ತೇವೆ. ಅದೇ ಲೆಸ್ ಪಾಲ್ ಗಿಟಾರಿನ ಅತ್ಯಂತ ಬೆಲೆಬಾಳುವ ತಳಿಯು 1958ರಿಂದ 1960ರವರೆಗಿನದು. ಅಂದು ಅವನ್ನು ಕೊಳ್ಳುವವರು ಸಾಲದೆ ಕಂಪನಿಯವರು ತಯಾರಿಕೆಯನ್ನೇ ನಿಲ್ಲಿಸಿದರು. ಎರಿಕ್ ಕ್ಲ್ಯಾಪ್ಟನ್ನನು 1966ರ ಒಂದು ಧ್ವನಿಮುದ್ರಿಕೆಯಲ್ಲಿ ಅಂತಹ ಗಿಟಾರನ್ನು ಧ್ವನಿವರ್ಧಕವು ಸಿಡಿಯುವಂತೆ ಏರಿಸಿ ನುಡಿಸಿದಮೇಲೆ ಜನರ ಕಣ್ಣು ತೆರೆಯಿತು. 1968ರಲ್ಲಿ ತಯಾರಿಕೆಯು ಮತ್ತೆ ಮೊದಲಾಯಿತು. ಆದರೆ ಹೊಸವು ಹಳೆಯವಾಗಲಿಲ್ಲ. ಹಳೆಯವುಗಳ ಮೇಲಿನ ಕೆಂಪು ಬಣ್ಣವು ಬಿಸಿಲಿಗೆ ಮಾಸಿ ಒಂದೊಂದು ಒಂದೊಂದು ಬಗೆಯ ಹೊನ್ನಬಣ್ಣಕ್ಕೆ ತಿರುಗಿತ್ತು. ಸುರುಳಿಯ ಸುತ್ತುಗಳು ಒಂದರಲ್ಲಿದ್ದಷ್ಟು ಇನ್ನೊಂದರಲ್ಲಿರಲಿಲ್ಲ. ಅಸಮತೆಯೇ ವ್ಯಕ್ತಿತ್ವವಾಯಿತು. ಇದರಲ್ಲಿ ಸತ್ಯವಿಲ್ಲದಿಲ್ಲ. ಎಲೆಯಿಂದ ಎಲೆಗೆ ಹದ ಬೇರೆಯೆಂಬುದನ್ನು ನಿಪ್ಪಾಣಿಯ ತಂಬಾಕಿನ ಪೇಟೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಪೇಟೆಯವನು ಮೂಸಿ ನೋಡಿ ಬೆಲೆ ಕಟ್ಟುತ್ತಾನೆ. ಗಿಟಾರಿನ ಸಂಗ್ರಹಕಾರನು ಇಸವಿಯನ್ನು ನೋಡಿ ಕಟ್ಟುತ್ತಾನೆ. ಫೆಂಡರನು 1965ರಲ್ಲಿ ತನ್ನ ಕಂಪನಿಯನ್ನು ಸಿ.ಬಿ.ಎಸ್. ಸಂಸ್ಥೆಗೆ ಮಾರಿದನು, ಅದಕ್ಕೆ ಹಿಂದಿನದು ಸತ್ಯಯುಗ, ಮುಂದಿನದು ಕಲಿಯುಗವೆಂದು ಇವರ ಪಂಚಾಂಗ. ಕಲಿಯುಗದಲ್ಲಿಯೂ ಒಳ್ಳೆಯ ಗಿಟಾರು ಹುಟ್ಟೀತೇ ಎಂದು ಕಿವಿಗೊಡುವ ವ್ಯವಧಾನವು ಎಷ್ಟು ಮಂದಿಗಿದೆಯೋ! ಹಿರಿಯರ ಮೊಮ್ಮಗನು ಕೊಂಡುದು ಕಲಿಯುಗದ್ದು. ಅವನ ಕೈಗೆ ಎಟುಕಿದುದೂ ಅದರಿಂದಲೇ.

ಮುಟ್ಟದೆ ಇಟ್ಟುದಕ್ಕೆ ಹೆಚ್ಚು ಬೆಲೆ, ನುಡಿಸಿ ಸವೆಸಿ ರಿಪೇರಿ ಮಾಡಿಸಿದುದಕ್ಕೆ ಕಡಮೆ ಬೆಲೆ ಎಂಬುದೇ ಈ ಪೇಟೆಯ ಕಟ್ಟಳೆ. ಎಂದರೆ ವಾದ್ಯವು ತನ್ನ ಕೆಲಸವನ್ನು ಮಾಡಿದುದಕ್ಕೆ ದಂಡವನ್ನು ತೆರಬೇಕು! ಡೇವಿಡ್ ಗಿಲ್ಮೋರನ ಕಪ್ಪು ಸ್ಟ್ರಾಟೊಕಾಸ್ಟರು 2019ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 39,75,000 ಡಾಲರುಗಳಿಗೆ ಹೋಯಿತಲ್ಲವೇ, ಅದು ಬಹಳ ನುಡಿಸಿದುದೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜ, ಅವನು ಅದರ ದಂಡಿಯನ್ನೂ ಪಿಕ್‌ಅಪ್‌ಗಳನ್ನೂ ಎಷ್ಟೋ ಸಲ ಬದಲಾಯಿಸಿದ್ದನು. ಆದರೆ ಆ ಹಣವು ಸಂದುದು ನುಡಿಸಿದ ಕೈಗೆ. ಹೆಸರಿಲ್ಲದ ಕೈಯೊಂದು ಅದೇ ಬದಲಾವಣೆಗಳನ್ನು ಮಾಡಿದ್ದರೆ ಅದೇ ಪೇಟೆಯು ಮೂಗು ಮುರಿಯುತ್ತಿತ್ತು. ಓಲೆಗರಿಯ ಹಳೆಯ ಪ್ರತಿಯನ್ನು ನಮ್ಮ ಸಂಶೋಧಕರು ಅದರ ಪಾಠಕ್ಕಾಗಿ ಬೆಲೆಗೊಡುತ್ತಾರೆ; ಗೆದ್ದಲಿನ ತೂತನ್ನು ಪಾಠವೆಂದು ಓದುವವರು ಅವರಲ್ಲಿಲ್ಲ.

ಮಿರಜೆಯ ಕಸುಬಿನ ನ್ಯಾಯವು ಬೇರೆ. ತಂಬೂರಿಯ ಜೀವವು ಜವಾರಿಯಲ್ಲಿದೆ: ಕುದುರೆಯ ಮೇಲ್ಮೈಯನ್ನು ಕೂದಲೆಳೆಯಷ್ಟು ಬಾಗಿಸಿ ತಿಕ್ಕಿ, ಕೆಳಗೆ ನೂಲನ್ನು ಸಿಕ್ಕಿಸಿದಾಗ ತಂತಿಯು ಅದಕ್ಕೆ ತಾಗಿ ತಾಗಿ ಝೇಂಕರಿಸುತ್ತದೆ. ಗಿಟಾರಿನವನು ಇದನ್ನು ಕೇಳಿದರೆ ತಂತಿಯು ಎಲ್ಲಿಯೋ ಬಡಿಯುತ್ತಿದೆಯೆಂದು ದೋಷವೆಣಿಸಿಯಾನು. ನಮಗೆ ಅದೇ ನಾದದ ಸರ್ವಸ್ವ. ಆದರೆ ಈ ಜವಾರಿಯು ತಂತಿಯ ಉಜ್ಜಿಗೆ ಸವೆಯುತ್ತದೆ, ತೆರೆದುದು ಮುಚ್ಚಿಹೋಗುತ್ತದೆ. ಬಲ್ಲವನ ಕೈಯಲ್ಲಿ ಮತ್ತೆ ತಿಕ್ಕಿಸದಿದ್ದರೆ ಎಂತಹ ಹಳೆಯ, ಎಂತಹ ಹೆಸರಾಂತ ತಂಬೂರಿಯಾದರೂ ಮೂಗಿಯಾಗುತ್ತದೆ. ಮೂಲದ ಕುದುರೆಯನ್ನು ಮುಟ್ಟಬೇಡವೆಂದು ಅಲ್ಲಿ ಯಾರೂ ಹೇಳರು. ಬೆಂಗಳೂರಿನಲ್ಲಿ 1979ರಲ್ಲಿ ರೂಪುಗೊಂಡ ವಿದ್ಯುತ್ ತಂಬೂರಿಗೆ ತಿಕ್ಕಿಸುವ ಕಾಟವೇ ಇಲ್ಲ. ಶ್ರುತಿಯನ್ನು ತಪ್ಪದೆ ಕೊಡುವ ಅದರ ಉಪಕಾರವು ದೊಡ್ಡದು. ಆದರೂ ಅದು ಹಳತಾಯಿತೆಂದು ಪ್ರೀತಿಯಿಂದ ಎತ್ತಿಟ್ಟವರನ್ನು ನಾವು ಕಾಣೆವು.

ಹೀಗಿರಲು ಮೊಮ್ಮಗನಿಗೆ ನಾವು ಹೇಳುವುದಿಷ್ಟೇ. ಮೆಟ್ಟಿಲುಗಳನ್ನು ಅವಶ್ಯವಾಗಿ ಬದಲಾಯಿಸಲಿ. ಸವೆದ ಮೆಟ್ಟಿಲು ಸ್ವರವನ್ನು ಒಡೆಯುತ್ತದೆ. ಒಡೆದ ಸ್ವರದಿಂದ ರಸವನ್ನು ಹಿಂಡಿದ ವಾದಕನನ್ನು ನಾವು ಕೇಳಿಲ್ಲ, ಆದುದರಿಂದ ಅದು ನಿತ್ಯದೋಷ. ಮೇಪಲ್ಲಿನ ದಂಡಿಯಾದುದರಿಂದ ಮೆಟ್ಟಿಲುಗಳ ನಡುವಣ ಅರಗು ಅಲ್ಲಲ್ಲಿ ಎದ್ದೀತು, ಬೆಲೆಯೂ ಇಳಿದೀತು. ಮಾರುವ ದಿನದ ಚಿಂತೆಯನ್ನು ಮಾರುವ ದಿನಕ್ಕೆ ಇಟ್ಟುಕೊಳ್ಳಲಿ. ಹಳೆಯ ಮೆಟ್ಟಿಲುಗಳನ್ನು ಬೇಕಾದರೆ ಚೀಟಿಯಲ್ಲಿ ಕಟ್ಟಿ ಪೆಟ್ಟಿಗೆಯಲ್ಲಿ ಇಡಲಿ. ಹಿತ್ತಾಳೆಯ ಮೂರು ತುಂಡುಗಳನ್ನು ಮಾತ್ರ ಇನ್ನೊಂದು ವರ್ಷ ಮುಟ್ಟದಿರಲಿ. ಅಷ್ಟರಲ್ಲಿ ಅವನ ಕಿವಿಯು ಆ ರಾಜಿಗೆ ಒಗ್ಗಿಕೊಂಡಿದ್ದರೆ ಇರಲಿ, ಇಲ್ಲದಿದ್ದರೆ ಆರನ್ನು ಹಾಕಿಸಿಕೊಳ್ಳಲಿ. ಗೊಣಗಾಟದ ವಿಷಯದಲ್ಲಿ ಹಿರಿಯರೇ ಪರಿಹಾರವನ್ನು ಕಂಡುಹಿಡಿದಿದ್ದಾರೆಂದು ಆಮೇಲೆ ತಿಳಿಯಿತು: ಮೊಮ್ಮಗನು ನುಡಿಸುವಾಗ ನಡುಮನೆಯ ಟ್ಯೂಬ್‌ಲೈಟನ್ನು ಆರಿಸಿ, ಕತ್ತಲೆಯಲ್ಲಿಯೇ ಕುಳಿತು ಕೇಳುತ್ತಾರಂತೆ.